ಮಳೆಯನ್ನು ಇಂಚಿನಲ್ಲಿ ಅಳೆಯುವವರು ಜೈಸಲ್ಮೇರಿಗೆ ಹೋದಾಗ

ಜೈಸಲ್ಮೇರಿನಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚುಕಡಿಮೆ ಏಳೆಂಟು ಇಂಚು. ಜುಲೈನಲ್ಲಿ ಭಾಗಮಂಡಲಕ್ಕೆ ಒಮ್ಮೊಮ್ಮೆ ಒಂದೇ ದಿನ ಅಷ್ಟು ಹೊಯ್ದುಬಿಡುತ್ತದೆ. ದಿನಾ ಮಳೆ ಲೆಕ್ಕ ಬರೆದಿಡುವ ತೋಟದ ಮನೆಯವರು ನಾವು. ಮರುಭೂಮಿಗೆ ಹೋದರೂ ಮೊದಲು ಹುಡುಕಿದ್ದು ನೀರನ್ನೇ. ಒಂಟೆ ಆಮೇಲೆ.

ಅರೇಬಿಕಾ ಕೊಯ್ಲು ಮುಗಿದಿತ್ತು, ರೋಬಸ್ಟಾ ಇನ್ನೂ ಶುರುವಾಗಿರಲಿಲ್ಲ. ಆ ಬಿಡುವಿನಲ್ಲಿ ನಾನು, ಹೆಂಡತಿ, ಮಿಲಿಟರಿಯಿಂದ ರಿಟೈರ್ ಆದ ಚಿಕ್ಕಪ್ಪ ಹೊರಟೆವು. ಕೊಡಗಿಗೆ ರೈಲೇ ಇಲ್ಲವಲ್ಲ. ಬೆಂಗಳೂರಿಗೆ ಬಸ್ಸು, ಜೋಧಪುರಕ್ಕೆ ವಿಮಾನ, ಮುಂದೆ ರೈಲು. ದಾರಿಯಲ್ಲಿ ಪೋಖ್ರಾನ್ ಸಿಗುತ್ತದೆ, 1974 ಮತ್ತು 1998ರ ಅಣುಪರೀಕ್ಷೆಗಳ ಪೋಖ್ರಾನ್. ಸ್ಟೇಷನ್ನಿನಲ್ಲಿ ನೋಡಲು ಏನೂ ಇಲ್ಲ. ಆದರೂ ಚಿಕ್ಕಪ್ಪ ಇಳಿದು ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಂಡೇ ಹತ್ತಿದರು.

ಜನವರಿ ಬೆಳಿಗ್ಗೆ ಅಲ್ಲಿ ಒಳ್ಳೆ ಚಳಿ. ಹತ್ತು ಗಂಟೆಗೆ ಸ್ವೆಟರ್ ತೆಗೆಯಬೇಕು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. "ಈ ಬಿಸಿಲು ನಮ್ಮ ಕಣಕ್ಕೆ ಎಂಟು ದಿನ ಸಿಕ್ಕಿದ್ದರೆ ಸಾಕಿತ್ತು ಅಲ್ವಾ?" ಅಂದಳು ಹೆಂಡತಿ. ಒಣಗಲು ಹರಡಿದ ಕಾಫಿಯ ಮೇಲೆ ಅಕಾಲ ಮಳೆ ಬಂದು, ಅರ್ಧ ರಾತ್ರಿ ಟಾರ್ಪಾಲು ಎಳೆದವರು ಎಲ್ಲಿ ಹೋದರೂ ಹೀಗೇ ಯೋಚಿಸುತ್ತಾರೆ.

ಊರಿನ ನಡುವೆ ತ್ರಿಕೂಟ ಗುಡ್ಡ. ಅದರ ಮೇಲೆ ಭಾಟಿ ರಜಪೂತರ ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಲು ಶುರು ಮಾಡಿದ ಕೋಟೆ. 99 ಬುರುಜು, ಎಲ್ಲವೂ ಹಳದಿ ಮರಳುಗಲ್ಲು. ಸಂಜೆ ಬಿಸಿಲಿಗೆ ಹೊಳೆಯುವುದರಿಂದ ಚಿನ್ನದ ಕೋಟೆ ಅನ್ನುತ್ತಾರೆ. ನನಗೆ ಹಿಡಿಸಿದ್ದು ಬಣ್ಣವಲ್ಲ, ಅಲ್ಲಿ ಇನ್ನೂ ಜನ ವಾಸ ಇರುವುದು. ಜೈನ ಬಸದಿಗಳ ಪಕ್ಕದ ಓಣಿಯಲ್ಲಿ ಯಾರದೋ ಮನೆಯ ಬಟ್ಟೆ ಒಣಗುತ್ತಿತ್ತು, ದನ ದಾರಿಗೆ ಅಡ್ಡ ನಿಂತಿತ್ತು.

ಆದರೆ ಆ ಕೋಟೆಯನ್ನು ಈಗ ಕಾಡುತ್ತಿರುವುದು ನೀರು! ಒಂದು ಕಾಲಕ್ಕೆ ಕೆಳಗಿನ ಗಡಿಸರ್ ಕೆರೆಯಿಂದ ಹೆಂಗಸರು ತಲೆ ಮೇಲೆ ಹೊತ್ತು ತಂದ ನೀರಿನಲ್ಲಿ ಮನೆ ನಡೆಯುತ್ತಿತ್ತು. ಸುಮ್ನೆ ಚೆಲ್ಲುವ ಮಾತೇ ಇರಲಿಲ್ಲ. ಆಮೇಲೆ ನಲ್ಲಿ ಬಂತು. ನಲ್ಲಿಯ ಬೆನ್ನಿಗೇ ಗೆಸ್ಟ್‌ಹೌಸು, ಶವರು, ಫ್ಲಶ್ಶು. ಬಳಸಿದ ನೀರು ಹೊರಹೋಗಲು ಸರಿಯಾದ ಚರಂಡಿ ಇಲ್ಲದೆ ಗುಡ್ಡದೊಳಗೇ ಇಂಗಿತು. ಅಡಿಯ ಮೆತ್ತನೆ ಪದರ ನೆನೆದು ಗೋಡೆಗಳು ವಾಲಿದವು, 1990ರ ದಶಕದಲ್ಲಿ ಬುರುಜುಗಳೇ ಕುಸಿದವು. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕೋಟೆ ಇದು. ಗುಡ್ಡ ನೆನೆದರೆ ಏನಾಗುತ್ತದೆ ಅಂತ 2018ರ ಆಗಸ್ಟಿನಲ್ಲಿ ನಮ್ಮ ಮಕ್ಕಂದೂರು, ಜೋಡುಪಾಲದ ಭೂಕುಸಿತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಕೋಟೆಯೊಳಗೆ ರೂಮು ಮಾಡಲಿಲ್ಲ, ಕೆಳಗೆ ಪೇಟೆಯಲ್ಲೇ ಉಳಿದೆವು. ನೀವೂ ಹಾಗೇ ಮಾಡಿ.

ಹವೇಲಿಗಳ, ಅಂದರೆ ಹಳೇ ಸಿರಿವಂತರ ದೊಡ್ಡ ಮನೆಗಳ, ಕೆತ್ತನೆ ಚೆನ್ನಾಗಿದೆ. ನಥಮಲ್ ಹವೇಲಿಯ ಎರಡು ಪಕ್ಕಗಳನ್ನು ಇಬ್ಬರು ಅಣ್ಣತಮ್ಮಂದಿರು ಕೆತ್ತಿದರಂತೆ. ಗಮನಿಸಿದರೆ ಎರಡೂ ಒಂದೇ ತರ ಇಲ್ಲ. ಪಟವಾ ಹವೇಲಿಗಳಲ್ಲಿ ಜನವೋ ಜನ.

ಊರಿಂದ 17 ಕಿಲೋಮೀಟರ್ ದೂರದಲ್ಲಿ, ಬಾಡಮೇರ್ ರಸ್ತೆಯಲ್ಲಿ ಆಕಲ್ ಇದೆ. ಸುಮಾರು 18 ಕೋಟಿ ವರ್ಷ ಹಳೆಯ ಮರಗಳು ಕಲ್ಲಾಗಿ ಬಿದ್ದಿರುವ ಜಾಗ. ತಗಡಿನ ಚಾವಣಿ, ಕಬ್ಬಿಣದ ಬೇಲಿ, ಒಳಗೆ ದಿಮ್ಮಿ. ಟೂರಿಸ್ಟುಗಳು ಹತ್ತು ನಿಮಿಷದಲ್ಲಿ ವಾಪಸ್ ಹೋಗುತ್ತಿದ್ದರು. ಚಿಕ್ಕಪ್ಪ ಮಾತ್ರ ಬಗ್ಗಿ ಬಗ್ಗಿ ನೋಡಿ, "ಇಲ್ಲೂ ನಮ್ಮ ತರ ಕಾಡಿತ್ತು ಅಂತಾಯ್ತಲ್ಲೋ" ಅಂದರು.

ಪಾಳುಬಿದ್ದ ಹಳ್ಳಿ ಕುಲ್ಧರಾದಲ್ಲಿ ಎಲ್ಲರಿಗೂ ದೆವ್ವದ ಕಥೆ ಬೇಕು. ದಿವಾನ್ ಸಲೀಂ ಸಿಂಗನ ಕಾಟ ತಾಳದೆ ಪಾಲಿವಾಲ ಬ್ರಾಹ್ಮಣರು ರಾತ್ರೋರಾತ್ರಿ ಊರು ಬಿಟ್ಟರು ಅನ್ನುತ್ತಾರೆ. ನೀರು ಬತ್ತಿದ್ದೇ ಕಾರಣ ಅನ್ನುವವರೂ ಇದ್ದಾರೆ. ನನ್ನ ಕೇಳಿದರೆ ದೆವ್ವಕ್ಕಿಂತ ಅವರ ಖಡೀನ್ ದೊಡ್ಡ ಸೋಜಿಗ. ಕಲ್ಲುಬಂಡೆಯ ಇಳಿಜಾರಿನಿಂದ ಹರಿದು ಬರುವ ಮಳೆ ನೀರನ್ನು ತಗ್ಗಿನಲ್ಲಿ ಮಣ್ಣಿನ ಏರಿ ಕಟ್ಟಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಈ ಭಾಗದಲ್ಲಿ ಈಗಲೂ ಹೀಗೆ ಬೆಳೆಯುತ್ತಾರೆ. ಅಷ್ಟೊಂದು ಮಳೆ ಬಿದ್ದೂ ಏಪ್ರಿಲಿನಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರಿಲ್ಲ ಅಂತ ಗೋಳಾಡುವ ನಾವು ಇದನ್ನು ನೋಡಬೇಕು.

ಸಮ್ ಮರಳು ದಿಬ್ಬದಲ್ಲಿ ಜೀಪು, ಸ್ಪೀಕರು, ಕಿರುಚಾಟ. ಬೇಸರವಾಯಿತು. ಊಟ ಮಾತ್ರ ಮರೆಯುವಂತಿಲ್ಲ. ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ. ಸಾಂಗ್ರಿ ಅಂದರೆ ಖೇಜ್ಡಿ ಮರದ ಕಾಯಿ. ಒಣಗಿಸಿಟ್ಟು ವರ್ಷವಿಡೀ ಬಳಸುತ್ತಾರೆ. ನಾವು ಕಣಿಲೆಯನ್ನು (ಎಳೆ ಬಿದಿರನ್ನು) ಉಪ್ಪುನೀರಿನಲ್ಲಿ ಇಡುವುದಿಲ್ಲವೇ, ಹಾಗೇ.

ಲೋಂಗೇವಾಲಾ ಚಿಕ್ಕಪ್ಪನ ದಿನ. 1971ರ ಡಿಸೆಂಬರ್ 4ರ ರಾತ್ರಿ ಪಂಜಾಬ್ ರೆಜಿಮೆಂಟಿನ ಒಂದು ತುಕಡಿ ಇಲ್ಲೇ ಪಾಕಿಸ್ತಾನದ ಟ್ಯಾಂಕುಗಳ ಎದುರು ಬೆಳಗಿನವರೆಗೆ ನಿಂತಿತು. ಬೆಳಕಾದ ಮೇಲೆ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಬಂದವು. ಚಿಕ್ಕಪ್ಪ ಅಲ್ಲಿದ್ದ ಜವಾನರೊಡನೆ ಹಿಂದಿಯಲ್ಲಿ ಹರಟಿದ್ದೇ ಹರಟಿದ್ದು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಗಾಳಿಯಂತ್ರ, ಸೋಲಾರ್ ಫಲಕ, ಕರೆಂಟು ತಂತಿ. ಆ ತಂತಿಗೆ ಬಡಿದು ಗೊಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಸಾಯುತ್ತವೆ. ಉಳಿದಿರುವುದೇ ನೂರರ ಆಸುಪಾಸು. ಡ್ರೈವರ್ ಓರಣ್ ಬಗ್ಗೆ ಹೇಳಿದ. ದೇವಿಯ ಹೆಸರಲ್ಲಿ ಬಿಟ್ಟ ಜಾಗ, ಮರ ಕಡಿಯುವಂತಿಲ್ಲ, ದನ ಒಂಟೆ ಮೇಯಬಹುದು. ಎಷ್ಟೋ ಓರಣ್‌ಗಳು ಸರ್ಕಾರಿ ದಾಖಲೆಯಲ್ಲಿ ಬರೀ ಪಾಳು ಭೂಮಿ, ಅದಕ್ಕೇ ಸೋಲಾರಿನವರ ಪಾಲಾಗುತ್ತಿವೆ, ಜನ ಹೋರಾಡುತ್ತಿದ್ದಾರೆ ಅಂದ. ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡು ಇವೆ ಅಂತ ನಾನು ಹೇಳಿದೆ. ಅವನು ಕನ್ನಡಿಯಲ್ಲಿ ನನ್ನ ನೋಡಿ, "ಹಾಗಾದರೆ ಅವುಗಳ ಜಾಗ ಯಾರೂ ಒತ್ತುವುದಿಲ್ಲ ಅಲ್ವಾ ಸಾಹೇಬ್ರೇ?" ಅಂತ ಕೇಳಿದ. ಚಿಕ್ಕಪ್ಪ ನಕ್ಕುಬಿಟ್ಟರು. ಮುಂದಿನ ಒಂದು ಗಂಟೆ ಅದೇ ಮಾತು.