ಓದಿದ್ದೇನೆಂದು ತಲೆಯಾಡಿಸಿದ್ದ ಪುಸ್ತಕಗಳು

ಕಳೆದ ವರ್ಷದ ಆರಂಭದಲ್ಲಿ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 11 ಪುಸ್ತಕಗಳ ಹೆಸರು ಬರೆದುಕೊಂಡೆ. ಮಾತಿನ ನಡುವೆ ಯಾರಾದರೂ ಪ್ರಸ್ತಾಪಿಸಿದಾಗಲೆಲ್ಲ ಓದಿದವರಂತೆ ನಾನು ತಲೆಯಾಡಿಸಿದ್ದ, ಆದರೆ ವಿಮರ್ಶೆಗಳಿಂದಲೋ ಭಾಷಣಗಳಿಂದಲೋ ಅಷ್ಟಿಷ್ಟು ಕೇಳಿ ತಿಳಿದಿದ್ದ ಪುಸ್ತಕಗಳವು. ಅದಕ್ಕೂ ಹಿಂದೆ ನನ್ನ ಓದಿಗೆ ಲೆಕ್ಕವಿತ್ತೇ ಹೊರತು ದಿಕ್ಕಿರಲಿಲ್ಲ. ಈ ಸಲ ಒಂದನ್ನು ಮುಗಿಸದೆ ಇನ್ನೊಂದನ್ನು ಹಿಡಿಯಬಾರದು, ದಿನದ ಓದಿನ ಬಗ್ಗೆ ಎರಡು ಸಾಲಾದರೂ ಬರೆಯಬೇಕು ಎಂದು ಎರಡು ನಿಯಮ ಮಾಡಿಕೊಂಡೆ. ಎರಡನೆಯದು ಫೆಬ್ರವರಿಯ ಹೊತ್ತಿಗೇ ಮುರಿದುಬಿತ್ತು.

ಪಟ್ಟಿಯ ತಲೆಯಲ್ಲಿದ್ದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಈ ಕಾದಂಬರಿಯನ್ನು ಹಿಂದೆ ಎರಡು ಸಲ ಹಿಡಿದು, ಯಾರ ಮನೆಯ ಆಳು ಯಾರು, ಯಾವ ಹೆಗ್ಗಡೆಗೆ ಯಾರು ನೆಂಟರು ಎಂಬುದು ತಿಳಿಯದೆ ಕೆಳಗಿಟ್ಟಿದ್ದೆ. ಈ ಬಾರಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಮನೆಗಳನ್ನು ಚೌಕಗಳಾಗಿ ಬರೆದು, ಪಾತ್ರಗಳು ಬಂದಂತೆಲ್ಲ ಆಯಾ ಚೌಕದೊಳಗೆ ಸೇರಿಸುತ್ತ ಹೋದೆ. ನೂರು ಪುಟ ದಾಟುವಷ್ಟರಲ್ಲಿ ಆ ಹಾಳೆಯನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಕಥೆ ಮುಂದೆ ಸಾಗುತ್ತಿಲ್ಲವೆಂದು ಹಿಂದೆ ನನಗನಿಸಿದ್ದಕ್ಕೆ ಕಾರಣ, ನಾನು ಒಬ್ಬ ನಾಯಕನನ್ನು ಹುಡುಕುತ್ತಿದ್ದದ್ದು. ಮುಕುಂದಯ್ಯ ಮತ್ತು ಚಿನ್ನಮ್ಮರಿಗೆ ಸಿಗುವಷ್ಟೇ ಗಮನ ಐತನಿಗೂ ಪೀಂಚಲುವಿಗೂ, ಅಷ್ಟೇಕೆ, ನಾಯಿಗುತ್ತಿಯ ಬೆನ್ನು ಬಿಡದ ಹುಲಿಯನೆಂಬ ನಾಯಿಗೂ ಸಿಗುತ್ತದೆಂದು ಒಪ್ಪಿಕೊಂಡ ಮೇಲೆ ಪುಸ್ತಕ ತಾನಾಗಿ ತೆರೆದುಕೊಂಡಿತು. ತುಂಗೆಯ ಪ್ರವಾಹ ಹುಲಿಯನನ್ನು ಸೆಳೆದೊಯ್ಯುವ ಪುಟಗಳನ್ನು ಓದಿ ಎರಡು ದಿನ ಬೇರೆ ಪುಸ್ತಕವನ್ನು ಮುಟ್ಟಲಿಲ್ಲ. ಒಂದು ನಾಯಿಯ ಸಾವನ್ನು ಇಷ್ಟು ದೊಡ್ಡ ಕಾದಂಬರಿಯ ಅಂತ್ಯಕ್ಕಿಡುವ ಧೈರ್ಯ ಎಷ್ಟು ಜನ ಲೇಖಕರಿಗಿದ್ದೀತು?

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮೂರು ತಲೆಮಾರಿನ ಗಂಡಸರ ಕಥೆಯೆಂದೇ ಕೇಳಿದ್ದೆ. ಓದಿದಾಗ ನನ್ನ ಮನಸ್ಸಿನಲ್ಲಿ ನಿಂತವರು ಹೆಂಗಸರು. ಮನೆಯ ಯಜಮಾನ ರಾಮ ಐತಾಳರು ಎರಡನೆಯ ಮದುವೆಯಾದ ಮೇಲೂ ಮನೆಯ ದುಡಿಮೆಯನ್ನು ಹೊತ್ತೇ ಇರುವ ಪಾರ್ವತಿ, ವಿಧವೆಯಾಗಿ ಅಣ್ಣನ ಮನೆಯಲ್ಲೇ ಸವೆಯುವ ಸರಸೋತಿ, ಐತಾಳರ ಮಗ ಲಚ್ಚನಂಥ ಗಂಡನನ್ನು ಕಟ್ಟಿಕೊಂಡ ನಾಗವೇಣಿ, ಇವರು ಯಾರೂ ತಮ್ಮ ಸಂಕಟದ ಬಗ್ಗೆ ದೊಡ್ಡ ಮಾತಾಡುವುದಿಲ್ಲ. ಕಾರಂತರೂ ಅವರ ಪರವಾಗಿ ಕಣ್ಣೀರು ಹಾಕುವುದಿಲ್ಲ, ಕೆಲಸವನ್ನಷ್ಟೇ ವರ್ಣಿಸುತ್ತಾರೆ. ಈ ಸಂಯಮ ನನಗೆ ಬಹಳ ಹಿಡಿಸಿತು.

ನಿಜಕ್ಕೂ ಅಂಜಿದ್ದು ‘ವಡ್ಡಾರಾಧನೆ’ಗೆ. ಹಳಗನ್ನಡ ಗದ್ಯದ 19 ಕಥೆಗಳು. ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎರಡು ಮೂರು ಪುಟ. ಕಣ್ಣಿಗೆ ಬಿಡಿಸಲಾಗದ ವಾಕ್ಯಗಳು ಗಟ್ಟಿಯಾಗಿ ಓದಿದಾಗ ಕಿವಿಗೆ ಅರ್ಥವಾಗುತ್ತಿದ್ದವು. ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯಲ್ಲಿ, ಮಂಗಳಕ್ಕೆಂದು ಚೆಲ್ಲಿದ ಬಿಳಿಸಾಸಿವೆಯ ಮೇಲೆ ಕೂರಲಾರದೆ ಮಿಸುಕುವ, ರತ್ನಗಳ ಬೆಳಕಿನಲ್ಲೇ ಬೆಳೆದು ದೀಪದ ಬೆಳಕಿಗೆ ಕಣ್ಣೀರು ಸುರಿಸುವ ತರುಣನನ್ನು ಕಂಡು ನಕ್ಕುಬಿಟ್ಟೆ. ಅವನು ಜೈನ ಮುನಿಯಾದ ಮೇಲೆ ಅದೇ ದೇಹವನ್ನು ನರಿ ತನ್ನ ಮರಿಗಳೊಡನೆ ತಿನ್ನುವಾಗ ಅವನು ಅಲುಗದೆ ಇರುವುದನ್ನು ಓದಿದಾಗ, ಆ ಸಾಸಿವೆ ಅಲ್ಲಿ ಏಕಿತ್ತೆಂಬುದು ಹೊಳೆಯಿತು. ಎಲ್ಲ ಕಥೆಗಳೂ ಇಷ್ಟು ಬಿಗಿಯಾಗಿಲ್ಲ. ಭವಾವಳಿಗಳ, ಅಂದರೆ ಪಾತ್ರಗಳ ಹಿಂದುಮುಂದಿನ ಜನ್ಮಗಳ ಸಾಲಿನ, ನಡುವೆ ನಾನು ಹಲವು ಸಲ ದಾರಿ ತಪ್ಪಿದ್ದೇನೆ.

ಪಟ್ಟಿಯಲ್ಲಿದ್ದ ಒಂದು ಪ್ರಸಿದ್ಧ ಕಾದಂಬರಿಯನ್ನು ಅರ್ಧಕ್ಕೇ ಕೈಬಿಟ್ಟೆ. ತಪ್ಪು ನನ್ನದೇ ಇರಬಹುದೆಂಬ ಅನುಮಾನದಿಂದ ಅದರ ಹೆಸರು ಬರೆಯುವುದಿಲ್ಲ.

ಕೊನೆಗೆ ಓದಿದ್ದು ಎಲ್ಲಕ್ಕಿಂತ ಚಿಕ್ಕದು, ವಿವೇಕ ಶಾನಭಾಗರ ‘ಘಾಚರ್ ಘೋಚರ್’, 2013ರ ಕೃತಿ. ಒಂದೇ ಸಂಜೆಯಲ್ಲಿ ಮುಗಿಯಿತು. ಹಳೆಯ ಮನೆಯಲ್ಲಿ ಇರುವೆಗಳೊಡನೆ ಹೆಣಗುತ್ತ ಒಗ್ಗಟ್ಟಾಗಿದ್ದ ಈ ಕುಟುಂಬ, ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡು ಬಂದ ಮೇಲೆ ಸರಿಯಾಗಿ ಯಾವ ಪುಟದಲ್ಲಿ ಕೆಟ್ಟಿತೆಂದು ತಿಳಿಯಲು ಮರುದಿನ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಒಂದು ಕಡೆ ಗೆರೆ ಎಳೆದೆ. ವಾರದ ನಂತರ ತೆರೆದು ನೋಡಿದರೆ, ಕೆಡುಕು ಅದಕ್ಕೂ ಹತ್ತು ಪುಟ ಮೊದಲೇ ಶುರುವಾಗಿರುವಂತೆ ಕಂಡಿತು.