ಪೇಪರ್ ಬರದ ದಿನ ಎಂತ ಮಾಡ್ತೀರಿ?

ನಂಗೆ ಕಾಲೇಜಲ್ಲಿ ಪತ್ರಿಕೋದ್ಯಮ ಕಲ್ಸಿದ ಸರ್ ತೀರಿಹೋದ ಸುದ್ದಿ ವಾಟ್ಸಾಪಲ್ಲಿ ಬಂತು. ಒಂದೇ ಒಂದು ಸಾಲು, ಅದ್ರ ಕೆಳಗೆ ಸಾಲಾಗಿ ಕೈ ಮುಗಿಯೋ ಚಿತ್ರಗಳು. ಕಾಲೇಜಿನ ಮ್ಯಾಗಜೀನಿಗೆ ನಿಮ್ಮ ನೆನಪು ಬರ್ಕೊಡಿ ಅಂತ ಎರಡು ವರ್ಷದಿಂದ ಕೇಳ್ತಾನೇ ಇದ್ರು, ನಾನು ಕೆಲಸ ಕೆಲಸ ಅಂತ ಮುಂದೆ ಹಾಕ್ತಾ ಬಂದೆ, ಸರ್ ಇದ್ದಾಗಲೇ ಬರೆದಿದ್ರೆ ಅವ್ರೇ ಓದಿ ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಕಳಿಸ್ತಿದ್ರು. ಅದು ಆಗ್ಲಿಲ್ಲ.

ಕುಮಟೆ ಕಡೆ ನಮ್ಮ ಕಾಲೇಜಲ್ಲಿ ಆಗ ಪತ್ರಿಕೋದ್ಯಮ ತಗೊಂಡವ್ರು ಹನ್ನೊಂದೇ ಜನ. ಲೈಬ್ರರಿ ಹಿಂದಿನ ಕೋಣೆ, ಮಳೆಗಾಲದಲ್ಲಿ ಹಳೇ ಪೇಪರಿನ ಬಂಡಲ್ಲುಗಳಿಂದ ಬೂಸಲು ವಾಸನೆ ಬರೂದು. ಸರ್ ಕೊಡೇನ ಅಂಗಿ ಕಾಲರಿಗೆ ಹಿಂದ್ಗಡೆ ಸಿಕ್ಕಿಸ್ಕೊಂಡು, ಎರಡೂ ಕೈಯಲ್ಲಿ ಪೇಪರ್ ಹಿಡ್ಕೊಂಡು ಬರೂದು, ಹಂಗಾಗಿ ಇಡೀ ಕಾಲೇಜಿಗೆ ಅವ್ರು ಕೊಡೆ ಸರ್. ನೋಟ್ಸ್ ಅಂತ ಒಂದು ದಿನವೂ ಬರೆಸಿದವ್ರಲ್ಲ. ಸಿಲೆಬಸ್ಸಲ್ಲಿ ಎಂತ ಇತ್ತು ಅಂತ ಈಗ ಕೇಳಿದ್ರೆ 1843ರಲ್ಲಿ ಮೊಗ್ಲಿಂಗ್ ಅನ್ನೋ ಜರ್ಮನ್ ಪಾದ್ರಿ ಮಾಡಿದ ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ ಒಂದು ಬಾಯಿಗೆ ಬರ್ತದೆ, ಉಳಿದದ್ದು ಪರೀಕ್ಷೆ ಮುಗಿದ ದಿನವೇ ಹೋಯ್ತು.

ಆದ್ರೆ ಅವ್ರು ಕೇಳ್ತಿದ್ದ ಪ್ರಶ್ನೆ ಹೋಗ್ಲಿಲ್ಲ. ಸೋಮವಾರ ಬಂದ ಕೂಡ್ಲೆ, ನಿನ್ನೆ ನಿಮ್ಮನೇಲಿ ಪೇಪರ್ ಮೊದ್ಲು ಯಾರ ಕೈಗೆ ಹೋಯ್ತು? ಮೊದ್ಲು ಯಾವ ಪುಟ ತೆಗೆದ್ರು? ನಾವೆಲ್ಲ ಜಾಣರಾಗ್ಬೇಕಲ್ಲ, ಸಂಪಾದಕೀಯ ಸರ್ ಅಂತಿದ್ವಿ. ನಮ್ಮನೇಲಿ ಅಪ್ಪ ಮೊದ್ಲು ನೋಡ್ತಿದ್ದದ್ದು ಕುಮಟೆ ಪೇಟೆಯ ಅಡಿಕೆ ಧಾರಣೆ, ಹೊಸ ಚಾಲಿ ಎಷ್ಟು, ಕೋಕಾ ಎಷ್ಟು, ಚಿಪ್ಪು ಎಷ್ಟು, ಅದಾದ ಮೇಲೆ ನಿಧನ ವಾರ್ತೆ, ಆಮೇಲೆ ಉಳಿದ ಲೋಕ.

ಒಂದು ಆಷಾಢದಲ್ಲಿ ಅರಬೈಲ್ ಘಟ್ಟದಲ್ಲಿ ಮರ ಬಿದ್ದು ಮಣ್ಣು ಜರಿದು ಹುಬ್ಬಳ್ಳಿಯಿಂದ ಬರೂ ಪೇಪರ್ ಮೂರು ದಿನ ಬರ್ಲಿಲ್ಲ. ನಾಲ್ಕನೇ ದಿನ ಸರ್ ಕ್ಲಾಸಿಗೆ ಬಂದವ್ರೇ ನ್ಯೂಯಾರ್ಕಿನ ಕಥೆ ಹೇಳಿದ್ರು. 1945ರಲ್ಲಿ ಅಲ್ಲಿ ಪೇಪರ್ ಹಂಚೂ ಜನ ಸ್ಟ್ರೈಕ್ ಮಾಡಿದ್ರಂತೆ, ಎರಡು ವಾರಕ್ಕಿಂತ ಹೆಚ್ಚು ದಿನ ಊರಿನ ಹೆಚ್ಚಿನವ್ರಿಗೆ ಪೇಪರ್ ಇಲ್ಲ, ಆಗ ಬೆರೆಲ್ಸನ್ ಅನ್ನೋ ಸಂಶೋಧಕ ಅರವತ್ತು ಜನರನ್ನ ಕೂರಿಸ್ಕೊಂಡು ನಿಧಾನಕ್ಕೆ ಮಾತಾಡ್ಸಿದ, ನಿಮಗೆ ಎಂತ ತಪ್ಪಿಹೋದಂಗೆ ಆಯ್ತು ಅಂತ. ಎಲ್ಲರೂ ದೊಡ್ಡ ದೊಡ್ಡ ಸುದ್ದಿ ಬೇಕಿತ್ತು ಅಂತಾರೆ, ಯಾವ ಸುದ್ದಿ ಅಂತ ಕೇಳಿದ್ರೆ ಹೆಚ್ಚಿನವ್ರಿಗೆ ಹೇಳೂಕೇ ಬರೂದಿಲ್ಲ. ಅವ್ರಿಗೆ ತಪ್ಪಿದ್ದು ಬೆಳಿಗ್ಗೆ ಕೈಯಲ್ಲಿ ಪೇಪರ್ ಇರೂದು, ಆ ರೂಢಿ. 1949ರಲ್ಲಿ ಅದನ್ನ ಪ್ರಕಟ ಮಾಡಿದ, ಇವತ್ತಿಗೂ ಓದುಗರ ಬಗ್ಗೆ ಸಂಶೋಧನೆ ಮಾಡೋರು ಅದನ್ನ ದಾಟಿ ಹೋಗೂಕಾಗೂದಿಲ್ಲ. ಇಷ್ಟು ಹೇಳಿ ಸರ್ ಕಿಟಕಿ ಕಡೆ ತೋರ್ಸಿ, ಅವ್ನಿಗೆ ಸ್ಟ್ರೈಕ್ ಆಗ್ಬೇಕಾಯ್ತು, ನಮ್ಗೆ ಘಟ್ಟ ಪ್ರತಿ ವರ್ಷ ಕೊಡ್ತದೆ, ಹೋಗಿ ಕೇಳ್ಕೊಂಡು ಬನ್ನಿ ಅಂದ್ರು.

ಪ್ರಶ್ನಾವಳಿ ಸೈಕ್ಲೋಸ್ಟೈಲ್ ಆಯ್ತು. ನಮ್ಮ ಮೂವರ ಪಾಲಿಗೆ ಮಿರ್ಜಾನ, ದೀವಗಿ ಕಡೆ, ನೂರು ಫಾರಂ. ಮೊದಲ ಎರಡು ದಿನ ನಿಜವಾಗ್ಲೂ ಮನೆ ಮನೆ ಹೋದ್ವಿ, ಮಳೆ ಅಂದ್ರೆ ಅಂಥಾ ಮಳೆ, ಕಾಲೆಲ್ಲ ಕೆಸ್ರು, ಕೆಲವು ಮನೇಲಿ ನಾಯಿ, ಕೆಲವು ಮನೇಲಿ ಪೇಪರ್ ಓದ್ತೀರಾ ಅಂದ್ರೆ ಇಲ್ಲ ಅಂತಾರೆ, ಅಲ್ಲಿಗೆ ನಮ್ಮ ಫಾರಂ ಮುಗೀತು, ಯಾಕಂದ್ರೆ ಎರಡನೇ ಪ್ರಶ್ನೆಯ ಕೆಳಗೇ ಬರೆದಿತ್ತು, ಇಲ್ಲ ಎಂದರೆ ಸಂದರ್ಶನ ನಿಲ್ಲಿಸಿ ಅಂತ. ಮೂರನೇ ದಿನ ಮಿರ್ಜಾನ ಕೋಟೆ ಒಳಗೆ ಮಳೆ ತಾಗದ ಕಡೆ ಕೂತು, ಕಟ್ಕೊಂಡು ಹೋಗಿದ್ದ ಅವಲಕ್ಕಿ ತಿಂತಾ, ಉಳಿದ ನಲವತ್ತು ಫಾರಂ ನಾವೇ ತುಂಬಿಬಿಟ್ವಿ. ಒಬ್ಬ ವಯಸ್ಸು ಹೇಳೂದು, ಒಬ್ಬ ಉದ್ಯೋಗ ಹೇಳೂದು, ನಾನು ಬರೆಯೂದು. ಸಂಶಯ ಬರಬಾರ್ದು ಅಂತ ಪೆನ್ನು ಕೂಡ ಮಧ್ಯೆ ಮಧ್ಯೆ ಬದಲಾಯ್ಸಿದ್ವಿ.

ಸರ್ ಫಾರಂ ಕಟ್ಟು ತಗೊಂಡು ಇಡೀ ಪೀರಿಯಡ್ ಸುಮ್ನೆ ತಿರುವಿ ಹಾಕಿದ್ರು. ಆಮೇಲೆ ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದ್ರು, ಒಂದೂ ತಪ್ಪಿಲ್ಲದೆ, ನಮ್ಮ ನಲವತ್ತು ಒಂದು ಕಡೆ, ಅರವತ್ತು ಇನ್ನೊಂದು ಕಡೆ. ನಮ್ಮ ಎದೆ ಧಸಕ್ಕಂತು. ಅವ್ರು ಬೈಲಿಲ್ಲ, ಹೆಂಗೆ ಗೊತ್ತಾಯ್ತು ಅಂತ ಪಾಠ ಮಾಡಿದ್ರು. ಊರಲ್ಲಿ ವಯಸ್ಸು ಕೇಳಿದ್ರೆ ಜನ ಐವತ್ತು ಬರ್ಕೊಳ್ಳಿ, ಅರವತ್ತೈದು ಆಗಿರ್ಬೇಕು ಅಂತಾರೆ, ಸೊನ್ನೆ ಇಲ್ಲಾ ಐದಕ್ಕೆ ಬಂದು ನಿಲ್ತಾರೆ, ಜನಗಣತಿಯವ್ರಿಗೂ ಇದೇ ತಲೆನೋವು. ನಿಮ್ಮ ನಲವತ್ತು ಜನ ಮಾತ್ರ ಮೂವತ್ತೇಳು, ನಲವತ್ಮೂರು, ಐವತ್ತೆರಡು. ನಿಮ್ಮವ್ರು ಯಾರಿಗೂ ಗೊತ್ತಿಲ್ಲ ಅನ್ನೂ ಉತ್ತರವೇ ಇಲ್ಲ. ಎಲ್ಲರೂ ಸಂಪಾದಕೀಯ ಓದ್ತಾರೆ, ಒಬ್ಬನಿಗೂ ಅಡಿಕೆ ರೇಟು ಬ್ಯಾಡ. ಫಾರಂ ಮೇಲೆ ಒಂದು ಹನಿ ನೀರು ಬಿದ್ದ ಕಲೆ ಇಲ್ಲ. ನಾನು ಮುಂದೆ ಡೇಟಾ ಕ್ಲೀನಿಂಗ್, ಅಂದ್ರೆ ಮಾಹಿತಿಯೊಳಗಿನ ತಪ್ಪು ಹುಡುಕಿ ತೆಗೆಯೂದು, ಅಂತ ಎಷ್ಟೋ ವರ್ಕ್‌ಶಾಪಿಗೆ ಹೋದೆ, ಸಾಫ್ಟ್‌ವೇರ್ ಕಲ್ತೆ, ಈ ಪೀರಿಯಡ್ಡಿನಷ್ಟು ಯಾವ್ದರಲ್ಲೂ ಕಲೀಲಿಲ್ಲ.

ಮುಂದಿನ ಭಾನುವಾರ ಸರ್ ತಾವೇ ನಮ್ಮ ಜೊತೆ ಬಸ್ಸು ಹತ್ತಿದ್ರು. ನಲವತ್ತೂ ಮನೆ ಬೇರೆ ಬೇರೆ ಭಾನುವಾರ ನಡೆದೇ ಮುಗಿಸಿದ್ವಿ, ಬಸ್ ಚಾರ್ಜು ಅವ್ರದ್ದೇ. ಅದ್ರಲ್ಲೊಂದು ದಿನ, ನಾವು ಮೊದ್ಲೇ ಇಲ್ಲ ಅಂತ ಬರೆದು ಮುಗಿಸಿದ್ದ ಮನೆ ಮುಂದೆ ಅವ್ರು ನಿಂತ್ರು. ಗಜನಿ, ಅಂದ್ರೆ ಉಪ್ಪುನೀರಿನ ಗದ್ದೆ, ಅದ್ರ ಅಂಚಿನ ಮನೆ, ಅಜ್ಜಿಯೊಬ್ರು ಅಘನಾಶಿನಿ ಹೊಳೆಯಿಂದ ತಂದ ಬಳಚು, ಆ ಚಿಪ್ಪಿನ ಮೀನು, ಆರಿಸ್ತಾ ಕೂತಿದ್ರು. ಸರ್ ಫಾರಂ ತೆಗೀಲೇ ಇಲ್ಲ, ಜಗಲಿ ಮೇಲೆ ಕೂತು ಉಪ್ಪುನೀರಲ್ಲಿ ಬೆಳೆಯೂ ಕಗ್ಗ ಭತ್ತ ಈ ಸಲ ಹೆಂಗೆ, ಬಳಚಿಗೆ ರೇಟು ಎಷ್ಟು ಅಂತ ಮಾತಾಡ್ಸಿದ್ರು. ಆ ಅಜ್ಜಿಗೆ ದೆಹಲಿ ಸುದ್ದಿ ಗೊತ್ತು, ರೇಶನ್ ಸುದ್ದಿ ಗೊತ್ತು, ಹೊನ್ನಾವರದಲ್ಲಿ ಯಾವ ದೋಣಿ ಮಗುಚ್ತು ಅನ್ನೂದೂ ಗೊತ್ತು. ಇದೆಲ್ಲ ನಿಮಗೆ ಹೆಂಗೆ ಗೊತ್ತು ಅಮ್ಮಾ ಅಂದ್ರು ಸರ್.

“ನಂಗೆ ಅಕ್ಷರ ಬರೂದಿಲ್ಲ ತಮಾ. ಅಂಗಡಿ ಅಣ್ಣ ಓದ್ತ, ನಾವು ಕೇಳೂದು. ಮೊನ್ನೆ ಮೂರು ದಿವ್ಸ ಪೇಪರ್ ಇಲ್ಲ, ಎಣ್ಣೆ ತಕಂಡು ಸುಮ್ನೆ ಬಂದೆ, ಅಂಗಡಿಗೆ ಹೋದಂಗೇ ಆಗ್ಲಿಲ್ಲ.”

ಬೆರೆಲ್ಸನ್ನನ ಅರವತ್ತು ಜನ ಹೇಳಿದ್ದನ್ನೇ ಈ ಅಜ್ಜಿ ಹೇಳಿದ್ರು, ಒಂದಕ್ಷರ ಓದದೇ. ವಾಪಸ್ ಬರೂವಾಗ ದೀವಗಿ ಸೇತುವೆ ಹತ್ರ ಸರ್ ನನ್ನ ಕೇಳಿದ್ರು, ಈ ಅಮ್ಮನ್ನ ನೀನು ಓದುಗರ ಲೆಕ್ಕಕ್ಕೆ ಹಾಕ್ತೀಯೋ ಬಿಡ್ತೀಯೋ? ನನ್ನ ಹತ್ರ ಉತ್ತರ ಇರ್ಲಿಲ್ಲ. ಅವ್ರು ಅಲ್ಲೇ ನಿಂತು ಪ್ರಶ್ನಾವಳಿ ತೆಗೆದು, ಸಂದರ್ಶನ ನಿಲ್ಲಿಸಿ ಅನ್ನೂ ಸಾಲನ್ನ ಹೊಡೆದು ಹಾಕಿದ್ರು.

ನಾನು ಧಾರವಾಡಕ್ಕೆ ಎಂಎಗೆ ಹೋದಾಗ ಲಾಜರ್ಸ್‌ಫೆಲ್ಡ್ ಅನ್ನೋ ಸಂಶೋಧಕನ ಕೆಲಸ ಓದಿಸಿದ್ರು. 1940ರಲ್ಲಿ ಅವ್ನೂ ಜೊತೆಯವ್ರೂ ಅಮೆರಿಕದ ಓಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ ಆರು ನೂರು ಜನರ ಹತ್ರ ಮೇಯಿಂದ ನವೆಂಬರ್‌ವರೆಗೆ ತಿಂಗಳು ತಿಂಗಳು ಹೋಗಿ ವೋಟು ಹೆಂಗೆ ನಿರ್ಧಾರ ಮಾಡ್ತೀರಿ ಅಂತ ಕೇಳಿದ್ರು, ಪೇಪರ್ ರೇಡಿಯೋಗಿಂತ ಪಕ್ಕದವ್ರ ಮಾತೇ ಹೆಚ್ಚು ನಡೀತದೆ ಅಂತ ಕಂಡುಬಂತು, ಸುದ್ದಿ ಮೊದ್ಲು ಊರಿನ ಕೆಲವ್ರಿಗೆ, ಅವ್ರಿಂದ ಉಳಿದವ್ರಿಗೆ, ಎರಡು ಹೆಜ್ಜೆ. ಕ್ಲಾಸಲ್ಲಿ ಉಳಿದವ್ರು ಡಯಾಗ್ರಾಂ ಬರ್ಕೊಳ್ತಿದ್ರು, ನಂಗೆ ಅಂಗಡಿ ಅಣ್ಣನ ಮುಖ ಕಾಣ್ತಿತ್ತು. ಎಂಎ ಡೆಸರ್ಟೇಶನ್ನಿಗೂ ಪಿಎಚ್‌ಡಿಗೂ ನಾನು ಅದೇ ಪ್ರಶ್ನೆ ಹಿಡ್ಕೊಂಡೆ, ಓದದೇ ಪೇಪರ್ ಕೇಳೂ ಜನ, ಅಂಕೋಲೆ ಕುಮಟೆ ಕರಾವಳಿಯ ಕಿರಾಣಿ ಅಂಗಡಿ, ಕಟಿಂಗ್ ಶಾಪು, ಮೀನು ಪೇಟೆ. ಮೂರೂವರೆ ವರ್ಷ ತಿರುಗಿದೀನಿ, ಟೇಪ್ ರೆಕಾರ್ಡರ್ ಎರಡು ಸಲ ನೀರಿಗೆ ಬಿತ್ತು. ಆ ಥೀಸಿಸ್ ಒಳ್ಳೇ ಕೆಲಸ ಅಂತ ಇವತ್ತೂ ನಂಗೆ ಹೆಮ್ಮೆ ಇದೆ, ಅದನ್ನ ಹೇಳೂಕೆ ನಾಚಿಕೆ ಇಲ್ಲ. ಮೊದಲ ಪ್ರತಿ ಸರ್ ಮನೆಗೇ ತಗೊಂಡು ಹೋದೆ, ಅವ್ರು ಕೊನೇ ಪುಟದಲ್ಲಿದ್ದ ವಯಸ್ಸಿನ ಟೇಬಲ್ ಮೊದ್ಲು ನೋಡಿದ್ರು.

ಈಗ ನಾನೂ ಸಂಶೋಧನೆ ಮಾಡೋ ಹುಡುಗ್ರಿಗೆ ಗೈಡು. ಒಂದು ಮಾತು ಬೇಜಾರಿಂದ ಹೇಳ್ತೀನಿ, ಈಗಿನ ಮಕ್ಳು ಜಾಣರೇ, ಆದ್ರೆ ಸರ್ವೆ ಅಂದ್ರೆ ಗೂಗಲ್ ಫಾರಂ ಮಾಡಿ ತಮ್ಮದೇ ವಾಟ್ಸಾಪ್ ಗುಂಪಿಗೆ ಹಾಕೂದು, ಸಂಜೆಗೆ ಇನ್ನೂರು ಉತ್ತರ, ರಾತ್ರಿಗೆ ಪೈ ಚಾರ್ಟು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಅಧ್ಯಕ್ಷ ಚುನಾವಣೇಲಿ ವೋಟು ಯಾರಿಗೆ ಅಂತ ಕೇಳಿ ಒಂದು ಕೋಟಿ ಜನಕ್ಕೆ ಕಾರ್ಡು ಕಳಿಸಿ, ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ವಾಪಸ್ ಬಂದೂ ಲ್ಯಾಂಡನ್ ಗೆಲ್ತಾರೆ ಅಂತ ಬರ್ದು ಸೋತಿತ್ತು, ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ರು, ಯಾಕಂದ್ರೆ ಕಾರ್ಡು ಹೋದದ್ದು ಹೆಚ್ಚಾಗಿ ಕಾರು, ಫೋನು ಇದ್ದವ್ರಿಗೆ. ಇದನ್ನ ಪ್ರತಿ ವರ್ಷ ಹೇಳ್ತೀನಿ, ಪ್ರತಿ ವರ್ಷ ಗೂಗಲ್ ಫಾರಮ್ಮೇ ಬರ್ತದೆ. ತಪ್ಪು ಮಕ್ಳದ್ದೊಂದೇ ಅಲ್ಲ, ಆರು ತಿಂಗ್ಳ ಸೆಮಿಸ್ಟರಲ್ಲಿ ಇಂಟರ್ನಲ್ಲು, ಅಸೈನ್ಮೆಂಟು, ಪ್ರೆಸೆಂಟೇಶನ್ನು ಎಲ್ಲ ಮುಗಿಸ್ಬೇಕು, ಭಾನುವಾರ ಮಳೇಲಿ ಜಗಲಿ ಮೇಲೆ ಕೂರೂಕೆ ಮಾರ್ಕ್ಸ್ ಯಾರು ಕೊಡ್ತಾರೆ? 2020ರ ಲಾಕ್‌ಡೌನಲ್ಲಿ ಪೇಪರಿಂದ ಕೊರೊನಾ ಬರ್ತದೆ ಅಂತ ಹೆದ್ರಿ ಎಷ್ಟೋ ಮನೆಯವ್ರು ಪೇಪರ್ ನಿಲ್ಸಿದ್ರು, ಆಗ ಸರ್ ಫೋನ್ ಮಾಡಿದ್ರು, ದನಿ ಸಣ್ಣ ಆಗಿತ್ತು, ಹುಡುಗ್ರನ್ನ ಕೇಳೂಕೆ ಹಚ್ಚು ತಮಾ, ಈಗ ಕೇಳ್ದಿದ್ರೆ ಮತ್ತೆ ಸಿಗೂದಿಲ್ಲ ಅಂದ್ರು. ಆರು ಜನ ಹುಡುಗ್ರು ಮುಂದೆ ಬಂದು ಫೋನಲ್ಲೇ ಕೇಳಿದ್ರು, ಅವ್ರ ಹೆಸ್ರು ಇಲ್ಲಿ ಬರೆಯೂ ಹಂಗಿಲ್ಲ, ಅವ್ರಿಗೆ ಗೊತ್ತು.

ಸರ್ ಹೋದ ಮರುದಿನ ಜಿಲ್ಲಾ ಪುಟದಲ್ಲಿ ನಿಧನ ವಾರ್ತೆ ಬಂತು, ಚಿಕ್ಕ ಫೋಟೋ, ನಿವೃತ್ತ ಉಪನ್ಯಾಸಕರು ಅಂತ ನಾಲ್ಕು ಸಾಲು. ಅವತ್ತು ಸಂಜೆ, ಕೋಟೇಲಿ ನಂಗೆ ಉದ್ಯೋಗ ಹೇಳ್ಕೊಟ್ಟ ಗೆಳೆಯ ಮಿರ್ಜಾನದಿಂದ ಫೋನ್ ಮಾಡಿದ. ಅಂಗಡಿ ಅಣ್ಣ ಈಗಿಲ್ಲ, ಮಗ ಕೂರ್ತಾನೆ. ಚಾಲಿ ರೇಟು ಓದಿ, ಕೆಳಗಿದ್ದ ಸರ್ ನಿಧನ ವಾರ್ತೆಯನ್ನೂ ಓದಿದ್ನಂತೆ. ಎಣ್ಣೆಗೆ ಬಂದ ಹೆಂಗಸೊಬ್ರು, ಯಾರು, ಮಳೇಲಿ ನಮ್ಮ ಅತ್ತೆ ಹತ್ರ ಕೂತು ಮಾತಾಡ್ಸಿದ ಕೊಡೆ ಮಾಸ್ತರಾ ಅಂತ ಕೇಳಿದ್ರಂತೆ. ಹೌದು ಅಂದದ್ದಕ್ಕೆ, ಇನ್ನೊಂದ್ಸಲ ಓದು ಅಂದ್ರಂತೆ.