ಬಾದಾಮಿಗೆ ಎರಡೇ ಶಾಯಿ

ಬಾದಾಮಿಯ ಪೋಸ್ಟರ್ ಅಂದರೆ ಎಲ್ಲರೂ ಮೇಣಬಸದಿಗೇ, ಅಂದರೆ ಬಂಡೆ ಕೊರೆದ ಗುಹಾಲಯಗಳಿಗೇ ಹೋಗುತ್ತಾರೆ, ಅದರಲ್ಲೂ ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಗೆ. ನನಗೆ ಬೇಕಿದ್ದದ್ದು ಭೂತನಾಥ ಗುಡಿ. ಸಂಜೆ ಅಗಸ್ತ್ಯ ತೀರ್ಥ ಕೆರೆಯ ಪಶ್ಚಿಮ ದಡದಲ್ಲಿ ನಿಂತರೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ಆಚೆ ದಡದ ಆ ಗುಡಿಗೂ ಬಂಡೆಗೂ ಬಡಿಯುತ್ತದೆ. ಇಡೀ ಬೆಟ್ಟ ಕೆಂಪಾಗುತ್ತದೆ.

ಕಷ್ಟವೂ ಅಲ್ಲೇ ಇದೆ. ಗುಡಿಯೂ ಮರಳುಗಲ್ಲು, ಹಿಂದಿನ ಬೆಟ್ಟವೂ ಮರಳುಗಲ್ಲು. ಇದ್ದ ಬಣ್ಣವನ್ನೇ ಹಚ್ಚಿದರೆ ಗುಡಿ ಬೆಟ್ಟದೊಳಗೆ ಕರಗಿಹೋಗುತ್ತದೆ. ಪೋಸ್ಟರ್ ಅಂದರೆ ರಸ್ತೆಯ ಆಚೆ ಬದಿಯಿಂದಲೂ ಒಂದೇ ನೋಟಕ್ಕೆ ಸಿಗಬೇಕು, ಅಲ್ವಾ?

ಅದಕ್ಕೇ ಬಣ್ಣ ಮುಟ್ಟುವ ಮೊದಲು ಅಂಚೆಚೀಟಿ ಗಾತ್ರದಲ್ಲಿ, ದಪ್ಪ ಕಪ್ಪು ಮಾರ್ಕರ್‌ನಲ್ಲಿ ಬಿಡಿಸುತ್ತೇನೆ. ಅಷ್ಟು ಚಿಕ್ಕದರಲ್ಲಿ ಕಂಬ, ಕೆತ್ತನೆ ಅಂತ ಕೂರಲು ಆಗುವುದಿಲ್ಲ. ಕಪ್ಪು ಎಲ್ಲಿ, ಖಾಲಿ ಎಲ್ಲಿ, ಅಷ್ಟೇ. ಗುಡಿಯನ್ನು ಕಪ್ಪು ಮಾಡಿದೆ, ಭಾರವಾಯಿತು. ಬೆಟ್ಟವನ್ನು ಕಪ್ಪು ಮಾಡಿ ಗುಡಿಯನ್ನು ಖಾಲಿ ಬಿಟ್ಟೆ. ಎದ್ದು ನಿಂತಿತು! ಆ ಗುಡಿಗೆ ಬಣ್ಣವೇ ಇಲ್ಲ. ಕೋರಾ ಕಾಗದವೇ ಅದರ ಬಿಸಿಲು. ಶಿಖರದ ಒಂದೊಂದು ಹಂತದ ಕೆಳಗೆ ನೆರಳಿನ ಒಂದೊಂದು ಗೆರೆ ಮಾತ್ರ.

ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಫ್ರೇಮ್. ಬಣ್ಣ ಜಾಸ್ತಿ ಆದಷ್ಟೂ ಖರ್ಚು ಜಾಸ್ತಿ. ಎರಡೇ ಶಾಯಿ ಇಟ್ಟುಕೊಂಡೆ: ಇಟ್ಟಿಗೆ ಕೆಂಪು, ಪಾಚಿ ಹಸಿರು. ಹಸಿರನ್ನು ಸ್ವಲ್ಪ ಪಾರದರ್ಶಕವಾಗಿ ಕಲಸಿದರೆ ಕೆಂಪಿನ ಮೇಲೆ ಬಿದ್ದಲ್ಲಿ ಗಾಢ ಕಂದು ಸಿಗುತ್ತದೆ. ಬಾದಾಮಿಯ ಬಂಡೆಯನ್ನು ಹತ್ತಿರದಿಂದ ನೋಡಿ. ಅಡ್ಡಡ್ಡ ಪದರಗಳು, ಅವನ್ನು ಮೇಲಿಂದ ಕೆಳಗೆ ಸೀಳಿದ ಬಿರುಕುಗಳು. ಪದರಕ್ಕೆ ಕೆಂಪಿನೊಳಗೆ ತೆಳುವಾದ ಖಾಲಿ ಗೆರೆ, ಬಿರುಕಿಗೆ ಆ ಕಂದು. ಇನ್ನೇನೂ ಬೇಕಾಗಲಿಲ್ಲ.

ಹೆಸರನ್ನು ಕೈಯಲ್ಲೇ ಬರೆದೆ. ‘ಬಾದಾಮಿ’ಗೆ ಒತ್ತಕ್ಷರವಿಲ್ಲ, ಕೆಳಗೆ ಏನೂ ಜೋತುಬೀಳುವುದಿಲ್ಲ. ಹಾಗಾಗಿ ಕೆರೆಯ ನೀರಿನ ಮೇಲೆ ಒಂದೇ ಪಟ್ಟಿಯಾಗಿ ಕೂತಿತು. ಅಕ್ಷರದ ದಪ್ಪ ಬಂಡೆಯ ಪದರದ ದಪ್ಪಕ್ಕೆ ಸಮ ಇದೆ.

ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸೊಬ್ಬಳಿದ್ದಾಳೆ, ಉಗುರಿನಷ್ಟು ಚಿಕ್ಕವಳು. ಅವಳಿಲ್ಲದಿದ್ದರೆ ಬೆಟ್ಟ ಎಷ್ಟು ದೊಡ್ಡದು ಅಂತ ಗೊತ್ತೇ ಆಗುವುದಿಲ್ಲ. ಉಟ್ಟಿರುವುದು ಇಳಕಲ್ ಸೀರೆ. ಒಡಲು ಹಸಿರು, ಸೆರಗು ಕೆಂಪು. ಸುಮ್ನೆ ಅಲಂಕಾರಕ್ಕೆ ಮೂರನೇ ಶಾಯಿ ತರುವ ಪ್ರಮೇಯವೇ ಬರಲಿಲ್ಲ.

ಈಗ ಬಾಗಲಕೋಟೆಯಲ್ಲಿ ಮದುವೆ ಕಾರ್ಡ್ ಹಾಕುವ ಅಂಗಡಿಗೆ ಕೊಟ್ಟಿದ್ದೇನೆ. ಮೊದಲು ಕೆಂಪು, ಅದು ಒಣಗಿದ ಮೇಲೆ ಹಸಿರು. ಎರಡೂ ಸೇರುವ ಅಂಚಿನಲ್ಲಿ ಹಸಿರನ್ನು ಕೂದಲೆಳೆಯಷ್ಟು ಕೆಂಪಿನ ಮೇಲೆ ಹತ್ತಿಸಿದ್ದೇನೆ, ಕಾಗದ ಸ್ವಲ್ಪ ಸರಿದರೂ ನಡುವೆ ಖಾಲಿ ಸೀಳು ಕಾಣಬಾರದು ಅಂತ.